ಎದೆಗೆ ತೂಗಿದ ಕೈಗಡಿಯಾರ

ಕೊವೆಂಟ್ರಿಯ ಚರ್ಚು ಹಾಲಿನಲ್ಲಿ
ಶನಿವಾರದ ಹಳೆಸಾಮಾನಿನ ಸಂತೆ.
ಬಿಸ್ಕತ್ತಿನ ಡಬ್ಬಿಯೊಳಗೆ, ಗುಂಡಿ, ಸೂಜಿ, ಒಂಟಿ ಓಲೆಗಳ ನಡುವೆ
ಅವರೆಬೇಳೆಯಷ್ಟು ಮುಖ ಮಾಡಿಕೊಂಡು ಬಿದ್ದಿತ್ತು.
ಮುಟ್ಟಿದರೆ ಮುನಿಗೆ ಇರುವಂಥ ಎರಡೇ ಮುಳ್ಳು.
ಆರು ಪೌಂಡು ಎಂದಳು ಈನಿಡ್. ನಾಲ್ಕು ಎಂದೆ.
ನಡೆಯುತ್ತಾ ಅಂದರೆ
"ಕೀಲಿ ಕೊಟ್ಟವರಿಗೆ ನಡೆಯುತ್ತೆ" ಅಂದು
ಐದಕ್ಕೆ ಬಿಟ್ಟಳು.

ಬೆನ್ನ ಮೇಲೆ ಉಗುರಲ್ಲಿ ಗೀರಿದಂಥ ಅಕ್ಷರ:
ಡಿ.ಗೆ, ಎಚ್.ನಿಂದ, ಮೂವತ್ತೆಂಟು.
ಇಸವಿಯೋ, ವಯಸ್ಸೋ, ಮನೆಯ ನಂಬರೋ.
ಆ ಡಿ. ಎಂಥ ಸಣ್ಣ ಕೈಯವಳೋ!
ಪಟ್ಟಿಯ ಕೊನೆಯ ತೂತಿಗೂ ನನ್ನ ಮಣಿಕಟ್ಟು ಒಪ್ಪಲಿಲ್ಲ.
ನನ್ನದು ಎರಡು-ಎಂಟರ ಬಳೆಯ ಕೈ,
ಹನ್ನೆರಡು ಜನಕ್ಕೆ ಮುದ್ದೆ ತಿರುವಿದ್ದು,
ಆಮೇಲೆ ಇಲ್ಲಿ ಇಪ್ಪತ್ತು ವರ್ಷ
ಮಲಗಿದವರನ್ನು ಮಗ್ಗುಲು ಬದಲಿಸಿದ್ದು.

ರಿಪೇರಿಯ ಸಿರಿಲ್
ಕಣ್ಣಿಗೆ ಮಸೂರ ಕಚ್ಚಿಕೊಂಡೇ ಹೇಳಿದ:
"ಇವು ಹೊತ್ತು ನೋಡಲಿಕ್ಕೆ ಮಾಡಿದ್ದಲ್ಲ, ತಾಯಿ.
ನಾಲ್ಕು ಜನರೆದುರು ಹೆಂಗಸು ಗಂಟೆ ನೋಡಿದರೆ
ಎದ್ದು ಹೋಗುವ ಆತುರ ಅನ್ನುತ್ತಿದ್ದರಂತೆ.
ಅದಕ್ಕೇ ಅಂಕಿ ಇಷ್ಟು ಸಣ್ಣ."
ಸಾಸಿವೆಯಂಥ ಕಿವಿ ಹಿಂಡಿ ತೋರಿಸಿದ.
ದಿನಕ್ಕೆ ಹನ್ನೊಂದು ನಿಮಿಷ ಹಿಂದೆ ಬೀಳುತ್ತದೆ,
ಸರಿಮಾಡಲಿಕ್ಕೆ ಐವತ್ತು ಪೌಂಡು.
ಬೀಳಲಿ ಬಿಡಿ, ಅಂದೆ.

ವಾರ್ಡಿನಲ್ಲಿ ಮೊಣಕೈಯ ಕೆಳಗೆ ಏನೂ ಇರಬಾರದು.
ಬಳೆ ಇಲ್ಲ, ಗಡಿಯಾರ ಇಲ್ಲ, ಕಾಶೀದಾರವೂ ಇಲ್ಲ.
ಪಟ್ಟಿ ಕಳಚಿ, ಪಿನ್ನು ಬೆಸೆಸಿ, ಎದೆಯ ಜೇಬಿಗೆ ತೂಗುಹಾಕಿದೆ
ತಲೆಕೆಳಗಾಗಿ.
ಬಾಗಿ ನೋಡಿದರೆ ನನಗೆ ಸರಿ,
ಎದುರಿದ್ದವರಿಗೆ ಬಾವಲಿ.
ನಾಡಿ ಎಣಿಸಲಿಕ್ಕೆ ಬಾರದು, ಸೆಕೆಂಡಿನ ಮುಳ್ಳೇ ಇಲ್ಲ;
ಅದಕ್ಕೆ ಗೋಡೆಯ ಗಡಿಯಾರ ಇದೆ.
ಇದು ಬರೀ ನನಗೆ.

ಭಾನುವಾರ ಇದೇ ಕೊರಳಿಗೆ.
ಸರ ಹಳೆಯದು. ಅದರಲ್ಲಿ ಮೊದಲು ತೂಗುತ್ತಿದ್ದದ್ದನ್ನು
ಬಿಚ್ಚಿಟ್ಟು ಏಳು ವರ್ಷ.
ಅದು ಟಿಕ್ ಅನ್ನುತ್ತಿರಲಿಲ್ಲ.

ಒಂಬತ್ತನೇ ಹಾಸಿಗೆಯ ವಿನಿಫ್ರೆಡ್
ಬೆಳಗಿನ ಆರಕ್ಕೆ ನನ್ನೆದೆ ನೋಡಿ ರೇಗುತ್ತಿದ್ದಳು:
"ಹನ್ನೆರಡೂವರೆ ಆಯಿತು, ಊಟ ಎಲ್ಲಿ?"
ಆರನ್ನು ಬೋರಲು ಹಾಕಿದರೆ ಹನ್ನೆರಡೂವರೆ, ನಿಜ.
ನಾನು ತಿದ್ದಲಿಲ್ಲ.
ಒಂದು ಬಿಸ್ಕತ್ತು ಕೈಗಿಟ್ಟು
ಮೊದಲ ಪಂಕ್ತಿ ಈಗಷ್ಟೇ ಎದ್ದಿತು ಅನ್ನುತ್ತಿದ್ದೆ.
ಬೆರಳ ತುದಿಯಿಂದ ಅದನ್ನು ತೂಗಿಸಿ ಒಮ್ಮೆ ಅಂದಳು:
"ನನಗೂ ಇಂಥದ್ದಿತ್ತು. ಡಾನ್ಸಿನಲ್ಲಿ ಕಳೆದೆ.
ಹುಡುಕಲಿಲ್ಲ. ಹುಡುಗ ಸಿಕ್ಕಿದ್ದ."

ಅವಳು ಹೋದ ರಾತ್ರಿ ಗೋಡೆಯಲ್ಲಿ ನಾಲ್ಕು ಇಪ್ಪತ್ತು.
ಹಾಳೆಯಲ್ಲಿ ಹಾಗೇ ಬರೆದೆ.
ಹಿಂದಿನ ರಾತ್ರಿ ಇದೇ ಹೊತ್ತಿಗೆ ತಿದ್ದಿಟ್ಟಿದ್ದ ನನ್ನದರಲ್ಲಿ
ನಾಲ್ಕು ಒಂಬತ್ತು.
ಪರದೆ ಎಳೆದೆ.
ಹಲ್ಲಿನ ಸೆಟ್ಟು ತೊಳೆದಿಟ್ಟೆ, ತಲೆ ಬಾಚಿದೆ,
ಬೈತಲೆ ಎಡಕ್ಕೋ ಬಲಕ್ಕೋ ನೆನಪಾಗದೆ
ಎರಡು ಸಲ ಬಾಚಿದೆ.
ದೊಡ್ಡ ಮುಳ್ಳು ಇಪ್ಪತ್ತಕ್ಕೆ ಬಂದ ಮೇಲೆ
ಅವಳ ಮಗಳಿಗೆ ಫೋನು ಮಾಡಿದೆ.

ಬೆಳಗಿನ ಬಸ್ಸಿನಲ್ಲಿ ಎದುರು ಸೀಟಿನ ಶಾಲೆ ಹುಡುಗ
ಗಂಟೆ ಎಷ್ಟು ಅಂದ.
ಕೈಯಲ್ಲೇ ಫೋನಿತ್ತು ಅವನಿಗೆ;
ನನ್ನದು ನಿಜದ್ದೋ ಆಟದ್ದೋ ತಿಳಿಯಬೇಕಿತ್ತು.
ಓದಿಕೋ, ಅಂದೆ.
ಕತ್ತು ವಾರೆ ಮಾಡಿದ, ಇನ್ನೂ ವಾರೆ ಮಾಡಿದ,
ಕೊನೆಗೆ ತಲೆ ಮೊಣಕಾಲಿಗೆ ತಾಗುವಷ್ಟು ಬಗ್ಗಿ, ಕೆಳಗಿನಿಂದ
ಹಲ್ಲುಬಿದ್ದ ಬಾಯಲ್ಲಿ ಅಂದ:
"ತಪ್ಪು ಹೇಳ್ತಿದೆ."

ಹೌದು ಕಣೋ, ಅಂದು
ಕಿವಿ ಹಿಂಡಿ
ಕೀಲಿ ಕೊಟ್ಟೆ.