ಪಂಕ್ಚರ್ ಪುಸ್ತಕದ ಮೊದಲ ಪುಟ

ಆಡಿಟರ್ ಹುಡುಗ ಬಂದಿದ್ದ ನಿನ್ನೆ, ಅಂಗಡಿಗೆ.
ಸೊಲ್ಯೂಷನ್ ವಾಸನೆಗೆ ಮೂಗು ಮುಚ್ಚಿಕೊಂಡೇ
ಹದಿನಾಲ್ಕು ವರ್ಷದ ಲೆಕ್ಕ ಕೇಳಿದ.
ಕೊಟ್ಟೆ. ಟ್ಯೂಬು, ವಾಲ್ವು, ಪೆಡಲ್ ಪಿನ್ನಿನ ನಡುವೆ
ಅದೂ ಇದೆ. ಬೇರೆ ಪುಸ್ತಕ ಬೇಕಾಗುವಷ್ಟು
ಬೆಳೆಯುತ್ತದೆಂದು ಯಾರು ಕಂಡಿದ್ದರು?

ಬಸ್ಸು ನಿಂತ ವಾರ ಅದು.
ಶಿಡ್ಲಘಟ್ಟದ ಸ್ಟ್ಯಾಂಡಿನಲ್ಲಿ ಊರಿಗೊಂದರಂತೆ
ಬೋರ್ಡಿನ ಕೆಳಗೆ ನಾಯಿ ಮಲಗಿದ್ದವು.
ಪಿಳ್ಳಮ್ಮ ಕೂತಿದ್ದಳು, ಕಾಲು ಊದಿ, ಚಪ್ಪಲಿ ಕೈಯಲ್ಲಿ.
ನಾಳೆ ಕೋಲಾರದಲ್ಲಿ ರಕ್ತ ತೊಳೆಸುವ ಪಾಳಿ.
ತಪ್ಪಿದರೆ ಮತ್ತೆ ಯಾವಾಗಲೋ.

ನೂರುಲ್ಲಾ ಏನೂ ಕೇಳಲಿಲ್ಲ.
ಹದಿನೆಂಟು ವರ್ಷ ಒಂದೇ ಒಲೆಯ ಎರಡು ಬದಿಯವರು,
ಅವನು ಗೂಡು ಬೇಯಿಸಿದರೆ ಇವಳು ರಾಟೆ ತಿರುಗಿಸುವಳು.
ಎಳೆ ಕಡಿದರೆ ಇಬ್ಬರೂ ಒಟ್ಟಿಗೆ ಬೈಸಿಕೊಳ್ಳುವರು.
ರಾತ್ರಿ ನನ್ನ ಬಾಗಿಲು ಬಡಿದು, 'ಕ್ಯಾರಿಯರ್ ಬಿಗಿ ಮಾಡು,' ಅಂದ.
ನಾಲ್ಕು ನಟ್ಟು ಬಿಗಿದೆ. ಗೋಣಿ ಮಡಿಸಿ ಕಟ್ಟಿದೆ.
ಇನ್ನೂ ಚುಕ್ಕಿ ಇರುವಾಗಲೇ ಹೊರಟರು.
ಬೀದಿ ತಿರುಗುವವರೆಗೂ ಅವಳ ದನಿ ಕೇಳುತ್ತಿತ್ತು:
'ಮೆಲ್ಲಗ ಪೋರಾ, ನೇನು ಗೂಡು ಮೂಟೆ ಕಾದು!'

ಎರಡನೇ ಸಲ ಚಿಂತಾಮಣಿಯಲ್ಲಿ ಸೈಕಲ್ ಬದಲಾಯಿತು.
ಅಲ್ಲಿಂದ ಮುಂದಕ್ಕೆ ಹಾಲಿನ ಗಂಗುಲಪ್ಪ, ಕ್ಯಾನು ಇಳಿಸಿಟ್ಟು.
ಮೂರನೇ ಸಲ ಪಿ.ಟಿ. ಮೇಷ್ಟ್ರು ನಾರೆಪ್ಪ,
ಸೀಟಿ ಊದುತ್ತಾ, ಖಾಲಿ ರಸ್ತೆಯಲ್ಲಿ.
ಆಮೇಲೆ ಬಸ್ಸು ಬಂತು. ಎಲ್ಲರೂ ನಿಟ್ಟುಸಿರು ಬಿಟ್ಟರು,
ಮೇಷ್ಟ್ರನ್ನು ಬಿಟ್ಟು.
'ಇಷ್ಟು ತುಳಿದವರು ಇನ್ನಷ್ಟು ತುಳಿಯೋಣ,
ಯಂತ್ರವನ್ನೇ ಇಲ್ಲಿಗೆ ತರೋಣ,' ಅಂದರು.
ಯಂತ್ರದ ಬೆಲೆ ಕೇಳಿ ನಾನು ಚಹಾ ತಣ್ಣಗೆ ಮಾಡಿಕೊಂಡೆ.

ಮೊದಲ ವರ್ಷ ಏಳು ಜನ.
ಕೋಲಾರಕ್ಕೆ ಹೋಗಿ ಬಂದರು, ಡಬ್ಬಿ ಅಲ್ಲಾಡಿಸುತ್ತಾ.
ಸಿಕ್ಕಿದ್ದು ಎರಡು ಸಾವಿರ ಚಿಲ್ಲರೆ, ಒಂದು ಕುಂಬಳಕಾಯಿ.
ಮರುವರ್ಷ ಮಳೆ. ಐದೇ ಜನ.
ಮುಳಬಾಗಿಲು ಸೇರಿತು, ಆಮೇಲೆ ಬಂಗಾರಪೇಟೆ, ಮಾಲೂರು,
ಮಾವಿನ ಮಂಡಿಯವರು ಶ್ರೀನಿವಾಸಪುರ ತಪ್ಪಿಸಬೇಡಿ ಎಂದರು,
ಬಾಗೇಪಲ್ಲಿಯವರು ಕೋಪಿಸಿಕೊಂಡರು,
ದಾರಿ ಉದ್ದವಾಯಿತು, ಹೊಸಬಳ ಕೈಯ ರಾಟೆಯಲ್ಲಿ
ಎಳೆ ಸಡಿಲಾದ ಹಾಗೆ.

ನಾಲ್ಕನೇ ವರ್ಷ ಯಂತ್ರ ಬಂತು.
ಮೂರನೇ ವರ್ಷವೇ ಪಿಳ್ಳಮ್ಮ ಹೋಗಿದ್ದಳು.
ಇದನ್ನು ಯಾವ ಭಾಷಣದಲ್ಲೂ ಹೇಳಲಿಲ್ಲ.
ಹೇಳಬೇಕಿತ್ತು ಅಂತಲೂ ಅಲ್ಲ. ಹೂಮಾಲೆ
ಯಂತ್ರಕ್ಕೆ ಹಾಕಿದರು, ನರ್ಸಮ್ಮ ತಕ್ಷಣ ತೆಗೆದರು.

ಈಗ ಒಂಬೈನೂರು ಮಂದಿ, ಮುನ್ನೂರು ಕಿಲೋಮೀಟರು.
ಎದೆಗೆ ನಂಬರು, ತಲೆ ಮೇಲೆ ಹಾರುವ ಕ್ಯಾಮೆರಾ,
ಬೆರಳಲ್ಲಿ ಎತ್ತಬಹುದಾದ ಸೈಕಲ್ಲುಗಳು.
ಒಂದಕ್ಕೂ ಕ್ಯಾರಿಯರ್ ಇಲ್ಲ.
'ಯಾರನ್ನು ಕೂರಿಸಿಕೊಳ್ಳುತ್ತೀರಿ?' ಅಂದರೆ
ನಗುತ್ತಾರೆ, ಒಳ್ಳೆಯ ಹುಡುಗರು. ಹಣ ಕೊಡುತ್ತಾರೆ.
ಆರು ಯಂತ್ರ ನಡೆಯುತ್ತಿವೆ ಆ ಹಣದಲ್ಲಿ,
ನನಗೇಕೆ ಕೊಂಕು?
ನೂರುಲ್ಲಾನ ಉಸಿರು ಈಗ ರಾಟೆಯಷ್ಟೇ ಕಿರುಗುಟ್ಟುತ್ತದೆ.
ಹೊಗೆಯಲ್ಲಿ ಬೆಂದ ಎದೆ.
ಹೊರಡುವ ಗೆರೆಯ ಪಕ್ಕ ಕುರ್ಚಿ ಹಾಕಿದರೆ
ಕೂರುವುದಿಲ್ಲ; ಎಲ್ಲರ ಹಿಂದಿನ ಟಯರು ಒತ್ತಿ ನೋಡುತ್ತಾನೆ.

ಆಡಿಟರ್ ಹುಡುಗ ಮೊದಲ ಪುಟದಲ್ಲಿ ಬೆರಳಿಟ್ಟ:
'ಪಿಳ್ಳಮ್ಮ, ಮೂವತ್ತೆಂಟು ರೂಪಾಯಿ. ಇದೇನು?'
ಬಸ್ ಚಾರ್ಜು, ಅಂದೆ.
ಕೋಲಾರದಿಂದ ಬಂದವಳು ನೂರುಲ್ಲಾನಿಗೆ ಕೊಟ್ಟಳು,
ಅವನು ತೋಬಾ ಎಂದು ಕೈ ಹಿಂದಕ್ಕೆಳೆದ.
ಋಣ ಇಟ್ಟುಕೊಳ್ಳುವವಳಲ್ಲ. ನನ್ನ ಗಲ್ಲಾಪೆಟ್ಟಿಗೆಗೆ ಹಾಕಿ,
'ಬರಕೋ,' ಅಂದಳು. ಬರೆದುಕೊಂಡೆ.

'ದೇಣಿಗೆ ಅಂತ ಹಾಕಲಾ,
ಬಾಡಿಗೆ ಅಂತ ಹಾಕಲಾ?'
ಪೆನ್ನು ಹಿಡಿದು ಕಾಯುತ್ತಿದ್ದ.
ಹೊರಗೆ ಯಾರದೋ ಟ್ಯೂಬು ನೀರಲ್ಲಿ ಮುಳುಗಿಸಿಟ್ಟಿದ್ದೆ,
ಗುಳ್ಳೆ ಏಳುತ್ತಿತ್ತು.
ನಾಳೆ ಬಾರಪ್ಪ, ಅಂದೆ.