ಟಿನ್ನಿಗಿಂತ ಎರಡು ಬೆರಳು ಮೇಲೆ

ಮೂರು ಕಾಲೇಜು. ಮೂರರ ಹೆಸರೂ
ಅಪ್ಪನ ನಾಲಗೆಗೆ ಹತ್ತುವುದಿಲ್ಲ.
ಅದಕ್ಕೇ ಅವರು ಗುರುತಿಟ್ಟುಕೊಂಡದ್ದು ಹೀಗೆ:
ಹಿಮದ್ದು, ನದಿಯದ್ದು, ಮತ್ತೆ ಆ ದನಗಳಿರುವುದು.

ಒಂದೊಂದರಲ್ಲೂ ಎರಡು ಸಾವಿರ ಮಕ್ಕಳು, ಅಷ್ಟೇ.
"ವರಳಿಯ ನಮ್ಮ ಚಾಳುಗಳಷ್ಟೂ ಇಲ್ಲವಾ?" ಅಂದಳು ಅಮ್ಮ
ಬಂಗುಡೆಯ ಕಿವಿರು ಕೀಳುತ್ತಾ.
"ಹಾಗಾದರೆ ಸುದ್ದಿ ಬೇಗ ಹಬ್ಬುತ್ತದೆ, ಜಾಗ್ರತೆ."

ಜಿಮಖಾನದ ಸ್ಕ್ವಾಷ್ ಮಾರ್ಕರ್ ನನ್ನಪ್ಪ,
ಮೂವತ್ತೊಂದು ವರ್ಷದಿಂದ.
ಮೆಂಬರರದ್ದು ಸಮುದ್ರದ ಕಡೆಯ ಗೇಟು,
ನಮ್ಮದು ಸೈಕಲ್ ಸ್ಟ್ಯಾಂಡಿನ ಪಕ್ಕದ್ದು.
ಮಧ್ಯಾಹ್ನ ಎರಡಕ್ಕೆ, ದೊಡ್ಡವರೆಲ್ಲ ಉಂಡು ತೂಕಡಿಸುವಾಗ,
ಎರಡನೇ ಕೋರ್ಟಿನಲ್ಲಿ ಒಂದೇ ದೀಪ ಹಾಕಿ
ನನಗೆ ಕಲಿಸಿದರು:
ಟಿನ್ನಿಗಿಂತ ಎರಡು ಬೆರಳು ಮೇಲೆ.
ಕೆಳಗಾದರೆ ತಗಡು ಕೂಗುತ್ತದೆ,
ಮೇಲಾದರೆ ಎದುರಿನವಳು ಬಿಡುವುದಿಲ್ಲ.

ಸಂಜೆ ಅದೇ ಕೋರ್ಟಿನಲ್ಲಿ
ಅಪ್ಪ ಮೆಂಬರರಿಗೆ ಸೋಲುತ್ತಾರೆ.
ಸುಮ್ಮನೆ ಸೋತರೆ ಆಗುವುದಿಲ್ಲ.
ಒಂಬತ್ತು–ಏಳು ಆಗಬೇಕು, ಅಂಗಿ ತೊಯ್ಯಬೇಕು,
ಕೊನೆಯ ಚೆಂಡು ಢಣ್ಣೆಂದು ತಗಡಿಗೆ.
ಆ ಸದ್ದಿನಲ್ಲೇ ನನ್ನ ಬೂಟು, ಫೀಸು,
ಇಂದೋರಿನ ಟೂರ್ನಮೆಂಟಿಗೆ ಸ್ಲೀಪರ್ ಟಿಕೆಟ್ಟು.

ಈಗ ರಾತ್ರಿ ಒಂದೂವರೆಗೆ ಕೋಚುಗಳ ಕರೆ.
ಚಾಳಿನ ಗ್ಯಾಲರಿಯಲ್ಲಿ ನೀರಿನ ಡ್ರಮ್ಮಿಗೆ ಫೋನು ಒರಗಿಸಿ
ಪಿಸುದನಿಯಲ್ಲಿ ಇಂಗ್ಲಿಷು ಆಡುತ್ತೇನೆ.
ಹಿಮದವನು ಹೇಳಿದ: ಬಂದ ವರ್ಷವೇ ಎರಡನೇ ಸ್ಥಾನ.
ನದಿಯವಳು: ಎಂಟು, ಇಲ್ಲವೇ ಒಂಬತ್ತು;
ಹತ್ತಾದರೆ ಬೆಂಚು. ಮೊದಲೇ ಹೇಳಿಬಿಡುತ್ತೇನೆ, ಅಂದಳು.
ದನಗಳ ಊರಿನವನು ಸ್ಥಾನದ ಮಾತೇ ಎತ್ತಲಿಲ್ಲ,
ಈಗ ಯಾವ ಪುಸ್ತಕ ಓದುತ್ತಿದ್ದೀ ಎಂದು ಕೇಳಿದ.
ಕೆಮಿಸ್ಟ್ರಿ ಗೈಡು ಎಂದೆ.
ಅವನು ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ.

ಆಟಕ್ಕೆಂದು ಯಾರೂ ದುಡ್ಡು ಕೊಡರಂತೆ,
ಇಲ್ಲದವರಿಗೆ ಕೊಡುತ್ತಾರಂತೆ. ಇಲ್ಲವೆನ್ನಲು ಕಾಗದ ಬೇಕು.
ಫಾರಮು ಕೇಳಿತು: ಬೇಸಿಗೆ ಕಳೆಯಲು ಬೇರೆ ಮನೆ ಇದೆಯೇ?
"ಗ್ಯಾಲರಿ ಅಂತ ಬರಿ" ಅಂದಳು ಅಮ್ಮ,
ಮೇ ತಿಂಗಳಿಡೀ ನಾವು ಮಲಗುವುದು ಅಲ್ಲೇ.
ಅಪ್ಪನ ಸಂಬಳ ಬರೆದೆ. ಭಕ್ಷೀಸಿಗೆ ಕಾಲಂ ಇರಲಿಲ್ಲ.

ನವೆಂಬರ್ ಒಂದರೊಳಗೆ ಒಂದೇ ಹೆಸರು ಹೇಳಬೇಕು.
ಹೇಳಿದ ಮೇಲೆ ತಿರುಗುವಂತಿಲ್ಲ, ವೀಳ್ಯ ಹಿಡಿದ ಹಾಗೆ.
"ನದಿಯದ್ದೇ!" ಎಂದರು ಮೆಂಬರ್ ಝವೇರಿ ಮೇಡಂ,
ಚಿಕ್ಕೂ ಆರಿಸಿಕೊಡುವವರ ಹಾಗೆ.
"ನನ್ನ ಸೋದರಸೊಸೆ ಅಲ್ಲಿಯವಳೇ."

ರಾಕೆಟ್ಟಿಗೆ ತಂತಿ ಬಿಗಿಯುತ್ತಾ ಅಪ್ಪ
ಮೂರೂ ಟೀಮಿನ ವಿಡಿಯೋ ನೋಡಿದರು, ಸದ್ದಿಲ್ಲದೆ, ಎರಡೆರಡು ಸಲ.
ಯಾರ ಆಟ ಚಂದ? ಎಂದೆ.
"ಆಟ ನೋಡಲಿಲ್ಲ ಮಗಾ.
ಮುಗಿದ ಮೇಲೆ ಚೆಂಡು ಯಾರು ಹೆಕ್ಕುತ್ತಾರೆ ಅಂತ ನೋಡಿದೆ."
ಹಿಮದಲ್ಲಿ ಹೊಸ ಹುಡುಗಿಯರು.
ನದಿಯಲ್ಲಿ ಯಾರೂ ಇಲ್ಲ, ಚೆಂಡು ಮೂಲೆಯಲ್ಲೇ.
ದನಗಳ ಊರಿನಲ್ಲಿ ನರೆತ ಕೋಚೇ ಬಗ್ಗಿದ್ದ,
ಒಂದು ಕೈ ಸೊಂಟಕ್ಕೆ ಕೊಟ್ಟು.
ಅಪ್ಪನ ಮನಸ್ಸು ಎಲ್ಲಿ ಕೂತಿತೆಂದು ನನಗೆ ತಿಳಿಯಿತು.

ಆದರೆ ನನ್ನದೊಂದು ಲೆಕ್ಕ ಬಾಕಿ ಇತ್ತು.
ಜೂನಿನಲ್ಲಿ, ಛಾವಣಿ ಸೋರುತ್ತಿದ್ದ ದಿನ,
ಅಪ್ಪನನ್ನು ಮೊದಲ ಸಲ ಸೋಲಿಸಿದ್ದೆ.
ಒಂಬತ್ತು–ಏಳು. ಕೊನೆಯ ಚೆಂಡು ತಗಡಿಗೆ.
ಅಮ್ಮ ಪಾಯಸ ಮಾಡಿದಳು. ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಇವತ್ತು, ಅಕ್ಟೋಬರ್ ಮೂವತ್ತೊಂದು, ಎರಡು ಗಂಟೆಗೆ,
"ಇನ್ನೊಂದೇ ಆಟ" ಎಂದೆ. "ನಾನು ಮೆಂಬರ್ ಅಲ್ಲ."
ಅಪ್ಪ ನನ್ನನ್ನೇ ನೋಡಿದರು ಸ್ವಲ್ಪ ಹೊತ್ತು.
ಕನ್ನಡಕ ತೆಗೆದಿಟ್ಟು, ಮಂಡಿಗೆ ಪಟ್ಟಿ ಬಿಗಿದು,
ಲೇಸಿಗೆ ಎರಡು ಗಂಟು ಹಾಕಿದರು.

ಒಂಬತ್ತು–ಎರಡು.
ತಗಡು ಒಂದು ಸಲವೂ ಕೂಗಲಿಲ್ಲ.
ಆ ಮನುಷ್ಯನನ್ನು ನಾನು ಹದಿನೇಳು ವರ್ಷದಲ್ಲಿ
ಮೊದಲ ಸಲ ಕಂಡೆ.

ಚೆಂಡು ನಾನೇ ಹೆಕ್ಕಿದೆ, ಇನ್ನೂ ಬಿಸಿಯಿತ್ತು.
ಆಫೀಸಿನ ಕಂಪ್ಯೂಟರಿನಲ್ಲಿ ಹೆಸರು ಒತ್ತಿ
ಸೈಕಲ್ ಸ್ಟ್ಯಾಂಡು ದಾಟುವಾಗ ವಾಚ್‌ಮನ್ ಕೇಳಿದ,
ಏನು ಬೇಟಿ, ಸೋತೂ ನಗುತ್ತಿದ್ದೀಯಲ್ಲ?
ಒಂಬತ್ತನೆಯವಳಾದೆ ಕಾಕಾ, ಎಂದೆ.
ಬಹುಶಃ ಹತ್ತನೆಯವಳು.