ಹನ್ನೆರಡು ಗಂಟೆಯ ರೆಕ್ಕೆ

ಶನಿವಾರ ಬೆಳಿಗ್ಗೆ ಎಂಟಕ್ಕೆ
ಎರಕದ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿದ ಅಪ್ಪ
ಮನೆಯೊಳಗೆ ಬರುತ್ತಿರಲಿಲ್ಲ.
ಹೊಸ್ತಿಲಲ್ಲೇ ನಿಂತು ಕೇಳುತ್ತಿದ್ದ: 'ಶೂ ಹಾಕಿದಿರಾ?'
ಕೂತರೆ ಮಲಗುತ್ತೇನೆಂಬ ಹೆದರಿಕೆ ಅವನಿಗೆ.
ಅಮ್ಮ ಆಗಲೇ ಹೋಟೆಲಿನ ಲಾಂಡ್ರಿಗೆ ಹೋಗಿರುತ್ತಿದ್ದಳು,
ಯಾರದೋ ರಜೆಯ ಹಾಸಿಗೆಬಟ್ಟೆ ಒಗೆಯಲು.

ಹುಬ್ಬಿನಲ್ಲಿ ಅಚ್ಚಿನ ಕಪ್ಪು ಮರಳು,
ಜೇಬಿನಲ್ಲಿ ಹತ್ತು ಡಾಲರಿನ ಒಂದೇ ನೋಟು,
ನಾಲ್ಕಾಗಿ ಮಡಚಿದ್ದು.
ಕಾಸಿಗೆ ತಕ್ಕ ಕಜ್ಜಾಯ ಎನ್ನುವ ಲೋಕದಲ್ಲಿ
ಕಾಸಿಲ್ಲದ ಕಜ್ಜಾಯ ಸಿಗುವ ಮೂಲೆಗಳೆಲ್ಲ
ಎವರಾರ್ಡೊ ಒಲ್ವೇರಾಗೆ, ನಮ್ಮಪ್ಪನಿಗೆ, ಬಾಯಿಪಾಠ.

ಮಿಲ್ವಾಕಿಯ ಗಾಜಿನ ಗುಮ್ಮಟಗಳಿಗೆ
ನಾವು ಹೊರಗಿನಿಂದಲೇ ಮೂಗು ಒತ್ತಿದವರು.
ಒಳಗೆ ಬಾಳೆಯೆಲೆ ಬೆವರುತ್ತಿತ್ತು,
ಹೊರಗೆ ನಮ್ಮ ಉಸಿರು.
ಮೃಗಾಲಯದ ಬೇಲಿಯ ಈಚೆಗೆ ಸಿಂಹ ಕಾಣುವುದಿಲ್ಲ,
ಕೂಗು ಕೇಳುತ್ತದೆ. ಕೂಗಿಗೆ ಟಿಕೀಟಿಲ್ಲ.
'ಮತ್ತೆ ಜಿರಾಫೆ ಹೇಗೆ ಕೂಗುತ್ತೆ?' ಅಂದ ನನ್ನ ತಮ್ಮ ಚುಯ್.
ಅಪ್ಪ ಏಳು ಸ್ಟಾಪು ಯೋಚಿಸಿ ಹೇಳಿದ:
'ಅದು ರಾತ್ರಿ ಪಾಳಿ ಮುಗಿಸಿ ಬಂದಿದೆ ಮಗಾ,
ಮಾತಾಡಿಸಬೇಡ.'

ಎಲ್ಲಕ್ಕಿಂತ ದೊಡ್ಡದು ಸರೋವರದ ದಂಡೆಯ ಬಿಳಿ ಮ್ಯೂಸಿಯಂ.
ಸರಿಯಾಗಿ ಹನ್ನೆರಡಕ್ಕೆ
ನೆತ್ತಿಯ ಮೇಲಿನ ಎರಡು ರೆಕ್ಕೆ ಮಡಚುತ್ತದೆ, ಬಿಚ್ಚುತ್ತದೆ.
'ದುಡ್ಡು ಕೊಟ್ಟು ಒಳಗೆ ಹೋದವರಿಗೆ ಇದು ಕಾಣಲ್ಲ.
ಪಾಪ,' ಅನ್ನುತ್ತಿದ್ದ ಅಪ್ಪ,
ನಿಜಕ್ಕೂ ಮರುಗಿದವನಂತೆ.

ಆ ಜೂನ್ ಶನಿವಾರ ಗಾಳಿ ವಿಪರೀತ.
ಉಪ್ಪಿಲ್ಲದ ಕಡಲು ಅಲೆಗಳನ್ನು ಕಲ್ಲಿಗೆ ಎತ್ತೆತ್ತಿ ಕುಕ್ಕುತ್ತಿತ್ತು,
ಸೀಗಲ್‌ಗಳು ಹಾರಿದಲ್ಲೇ ನಿಂತಿದ್ದವು.
ಬಾಗಿಲಲ್ಲಿ ಒಂದು ಬೋರ್ಡು:
ಗಾಳಿ ಜೋರು, ಇವತ್ತು ರೆಕ್ಕೆ ತೆರೆಯುವುದಿಲ್ಲ.
ನಾನು ಓದಿದೆ. ಒಂಬತ್ತು ವರ್ಷ ನನಗೆ, ಎಲ್ಲ ಓದುತ್ತಿದ್ದೆ.
ಹೇಳೋಣವೆಂದು ತಿರುಗಿದರೆ
ಅಪ್ಪ ಬೆಂಚಿನ ಮೇಲೆ, ಬಾಯಿ ತೆರೆದು, ನಿದ್ದೆ.

ಎಬ್ಬಿಸಲಿಲ್ಲ.
ಜೇಬಿಗೆ ಎರಡು ಬೆರಳು ಇಳಿಸಿ ನೋಟು ತೆಗೆದೆ.
ಮೂರು ಕಪ್ ಕಸ್ಟರ್ಡ್ ತಂದೆ.
ಎರಡು ತಿಂದೆವು, ಒಂದನ್ನು ಕಾದೆವು.
ಬಿಸಿಲು ಸರಿದು ಅಪ್ಪನ ಮುಖಕ್ಕೆ ಬಂತು.
ಚುಯ್ ಜಾಕೆಟ್ಟಿನ ಎರಡೂ ಅಂಚು ಹಿಡಿದು
ಕೈ ಚಾಚಿ ಅಡ್ಡ ನಿಂತ. ಬಟ್ಟೆ ಪಟಪಟ ಬಡಿಯುತ್ತಿತ್ತು.
'ಕೈ ನೋಯುತ್ತಾ?'
'ಇಲ್ಲ.'
'ಸಾಕು ಬಿಡೋ.'
'ಇಲ್ಲ ಅಂದೆನಲ್ಲ.'
ತಳ್ಳುಗಾಡಿಯ ಹೆಂಗಸೊಬ್ಬಳು ನಿಂತು ನೋಡಿ
ಏನನ್ನೋ ಕೇಳಲು ಹೊರಟು, ಕೇಳದೆ ಹೋದಳು.

ಎರಡು ಗಂಟೆಗೆ ಎಚ್ಚರವಾಯಿತು.
ಕರಗಿದ ಕಸ್ಟರ್ಡನ್ನು ಅಪ್ಪ ಹಾಲಿನಂತೆ ಗಟಗಟ ಕುಡಿದ.
'ರೆಕ್ಕೆ ತೆರೀತಾ?'
ನಾನು ಹೂಂ ಅಂದೆ.
ಚುಯ್ ನನ್ನನ್ನೇ ನೋಡಿದ. ತೋಳು ಇನ್ನೂ ಅರ್ಧ ಚಾಚಿಯೇ ಇತ್ತು.
'ಹೇಗಿತ್ತು?'
'ಯಾವಾಗಿನ ಹಾಗೇ.'

ಆಮೇಲೆ ಚಿಲ್ಲರೆ ಎಣಿಸಿದ, ಮತ್ತೆ ಎಣಿಸಿದ.
ಮೂವರ ಬಸ್ಸಿಗೆ ಅರವತ್ತು ಸೆಂಟು ಕಡಿಮೆ.
ಬೈಯಲಿಲ್ಲ. 'ನಡೆಯೋಣ, ನದಿ ತೋರಿಸ್ತೀನಿ,' ಅಂದ,
ನದಿಯೇ ಇವತ್ತಿನ ಕಾರ್ಯಕ್ರಮ ಆಗಿತ್ತೇನೋ ಎಂಬಂತೆ.

ಸೇತುವೆಯ ಹತ್ತಿರ ಗಂಟೆ ಬಡಿದುಕೊಂಡಿತು.
ಕೆಂಪು ದೀಪ, ಅಡ್ಡ ಕಂಬ, ಕಾರುಗಳು ಸಾಲಾಗಿ ನಿಂತವು,
ಒಬ್ಬಾತ ಕಿಟಕಿಯಿಂದ ತಲೆ ಹಾಕಿ ಬೈದ.
ರಸ್ತೆಯೇ ನಡುವೆ ಸೀಳಿ
ಬಿಳಿ ಗೆರೆ, ಎಂಜಿನ್ ಎಣ್ಣೆಯ ಕಲೆ, ಎಲ್ಲದರ ಸಮೇತ
ಎರಡು ಕಡೆಯೂ ಮೇಲೆದ್ದಿತು.
ಕೆಳಗೆ ಒಂದೇ ಒಂದು ಹಾಯಿದೋಣಿ,
ಅದರಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಮುದುಕ.

ಅಪ್ಪ ಟೋಪಿ ತೆಗೆದ.
ಕೂದಲಿನಿಂದ ಒಂದಿಷ್ಟು ಕಪ್ಪು ಮರಳು ಉದುರಿತು.
'ನೋಡಿ,' ಅಂದ. 'ನೋಡಿ, ನೋಡಿ.'
ಚುಯ್ ನೋಡಲಿಲ್ಲ.
ಅವನಾಗಲೇ ಅಪ್ಪನ ಹೆಗಲ ಮೇಲೆ ಮಲಗಿದ್ದ,
ಮುಷ್ಟಿಯಲ್ಲಿ ಮರದ ಚಮಚ.